ಮೌನ ಪರಿಶೀಲನಾ ಸಮಿತಿ

ಮನೀಷಾ ಹದಿನೆಂಟು ವರ್ಷಗಳಿಂದ ಆ್ಯಂಟೆನಾ, ರಿಸೀವರ್‌ಗಳ ವಿನ್ಯಾಸ ಮಾಡುತ್ತಿರುವ ಎಂಜಿನಿಯರ್. ಆಕಾಶದಿಂದ ಬರುವ ರೇಡಿಯೊ ಅಲೆಗಳು ತೀರ ಕ್ಷೀಣ. ಅಕ್ಕಪಕ್ಕದ ಒಂದು ವಿದ್ಯುತ್ ಕಿಡಿ ಸಾಕು, ಅವು ಮುಚ್ಚಿಹೋಗುತ್ತವೆ. ಹಾಗಾಗಿ ಅಫಜಲಪುರ, ಜೇವರ್ಗಿ, ಆಳಂದ ತಾಲ್ಲೂಕುಗಳನ್ನೆಲ್ಲ ಸುತ್ತಿ, ಕೊನೆಗೆ ಭೂಸನೂರಿನ ಆಚೆ ಒಂದು ಬಯಲನ್ನು ಆರಿಸಿ, ಪರೀಕ್ಷೆಗೆಂದು ಆ್ಯಂಟೆನಾ ನಿಲ್ಲಿಸಿ ಪರದೆಗೆ ಜೋಡಿಸಿದ್ದರು. ಅವರ ಸಂಸ್ಥೆಯ ತಜ್ಞರ ಸಮಿತಿ ಬಂದು ನೋಡಿ ಒಪ್ಪಿದರೆ, ಅವರು ರೂಪಿಸಿದ ರಿಸೀವರ್ ಅಲ್ಲಿ ಕೆಲಸ ಮಾಡುತ್ತದೆ. ಇಲ್ಲವಾದರೆ ಪ್ರಯೋಗಾಲಯದ ಕಪಾಟಿನಲ್ಲೇ ನಿವೃತ್ತಿಯಾಗುತ್ತದೆ.

ಅಡ್ಡಿ ಒಂದೇ: ಪಕ್ಕದ ಹೊಲದ ರೇವಣಪ್ಪನ ಝಟಕಾ ಮಷೀನ್. ಕಬ್ಬಿಗೆ ನುಗ್ಗುವ ಕಾಡುಹಂದಿಗಳಿಗೆ ತಂತಿಬೇಲಿಯಲ್ಲಿ ಶಾಕ್ ಕೊಡುವ ಯಂತ್ರ ಅದು. ಅದರ ಪ್ರತಿ ಮಿಡಿತಕ್ಕೂ ಮನೀಷಾರ ಪರದೆಯ ಮೇಲೆ ಒಂದು ಗೆರೆ. ಸಮಿತಿ ಬರುವ ಹಿಂದಿನ ದಿನದಿಂದ ಅದನ್ನು ಬಂದ್ ಇಡಲು ಕೇಳಿಕೊಂಡರು.

"ಹಂದಿಗೂ ನೀವ ಒಂದ್ ಮಾತು ಹೇಳಿಬಿಡ್ರಿ ಮೇಡಂರ," ಎಂದ ರೇವಣಪ್ಪ.

ಆದರೂ ಬಂದ್ ಮಾಡಿದ. ಬೆಳಗಾಗುವಷ್ಟರಲ್ಲಿ ಹಂದಿಗಳು ಹೊಲದ ಒಂದು ಮೂಲೆಯನ್ನು ಮುಗಿಸಿದ್ದವು. ಪರದೆ ಮಾತ್ರ ಸ್ವಚ್ಛವಾಗಿತ್ತು.

ಏಪ್ರಿಲ್‌ ಬಿಸಿಲಿಗೆ ತಕ್ಕ ತಯಾರಿಯೊಂದಿಗೇ ಸಮಿತಿ ಬಂತು: ಶಾಮಿಯಾನ, ಮೂರು ಕೂಲರ್, ಅವಕ್ಕೊಂದು ಜನರೇಟರ್. ಎಲ್ಲವನ್ನೂ ಆ್ಯಂಟೆನಾದ ಬುಡದಲ್ಲೇ ಹೂಡಲಾಯಿತು. ತಜ್ಞರು ದೂರ ನಡೆಯಬಾರದಲ್ಲ. ಪರದೆ ಗೆರೆಗಳಿಂದ ತುಂಬಿತು. ರೈತರಿಗೆ ವಿಜ್ಞಾನದ ಅರಿವು ಮೂಡಿಸಬೇಕಿತ್ತು ಎಂದು ಅಧ್ಯಕ್ಷರು ಬೇಸರಪಟ್ಟರು.

"ರೈತರ ಮಷೀನ್ ನಿನ್ನೆಯಿಂದಲೇ ಬಂದ್ ಇದೆ ಸರ್. ಇದು ನಿಮ್ಮ ಕೂಲರ್," ಎಂದು ಹೇಳಿ ಮನೀಷಾ ಹೋಗಿ ಜನರೇಟರ್ ಬಂದ್ ಮಾಡಿದರು.

ಗೆರೆಗಳು ಮಾಯವಾದವು. ನೋಡಲು ಸಮಿತಿ ಇರಲಿಲ್ಲ. ಅದು ಆಗಲೇ ದೂರದ ರಸ್ತೆಯಲ್ಲಿದ್ದ ಕಾರುಗಳ ಎ.ಸಿ.ಗೆ ಸ್ಥಳಾಂತರಗೊಂಡಿತ್ತು. ರೇವಣಪ್ಪ ಒಬ್ಬನೇ ಬಗ್ಗಿ ನೋಡಿದ.

"ಏನೂ ಕಾಣವಲ್ದಲ್ರಿ?"

"ಏನೂ ಕಾಣಬಾರ್ದು ಕಾಕಾ. ನಮಗ ಬೇಕಾಗಿದ್ದು ಅದ."

"ಏನೂ ಇಲ್ಲದ್ದು ನೋಡಾಕ ನನ್ನ ಕಬ್ಬು ಹೋತೇನ್ರಿ?"



ತಿಂಗಳ ನಂತರ ಸಮಿತಿಯ ವರದಿ ಬಂತು. ಸ್ಥಳ ಅತ್ಯಂತ ಸೂಕ್ತವಾಗಿದೆ, ಕೊರತೆಯೆಂದರೆ ವಸತಿ ಮಾತ್ರ. ಆದ್ದರಿಂದ ಮೊದಲ ಹಂತದಲ್ಲಿ ಆ್ಯಂಟೆನಾದ ಪಕ್ಕದಲ್ಲೇ ಹವಾನಿಯಂತ್ರಿತ ಅತಿಥಿಗೃಹ, ಉಸ್ತುವಾರಿ ಮನೀಷಾರದು. ರಿಸೀವರ್ ಎರಡನೇ ಹಂತದಲ್ಲಿ, ಅನುದಾನ ಉಳಿದರೆ.

ಅತಿಥಿಗೃಹವನ್ನು ಆಳಂದ ಪೇಟೆಯಲ್ಲಿ ಕಟ್ಟಬಹುದೆಂದು ಮನೀಷಾ ಬರೆದರು. ಉತ್ತರ ತಡವಾಗಲಿಲ್ಲ: ಪ್ರಸ್ತಾವ ಒಪ್ಪುವಂತಿಲ್ಲ, ಆ್ಯಂಟೆನಾದಿಂದ ತೀರ ದೂರವಾಗುತ್ತದೆ.