ಮೋತಿ ತಿಂದ ನಿತ್ಯಪುಷ್ಪ

ಕಾಂಡ ಮುರಿದಾಗ ಬರುವ ಈ ಕಹಿ ವಾಸನೆ, ಬೆರಳಿಗೆ ಅಂಟಿದರೆ ಸೋಪಿಗೂ ಹೋಗುವುದಿಲ್ಲ, ನನ್ನ ಗಂಡ ಅಕ್ತರ್ ಕೈಯಲ್ಲೂ ಇದೇ ಇರುತ್ತಿತ್ತು — ಬೆಳಗಿನ ನಮಾಜು ಮುಗಿಸಿ ಅಂಗಳಕ್ಕಿಳಿದು ನಾಲ್ಕು ನಿತ್ಯಪುಷ್ಪ ಕಿತ್ತು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, ಆಮೇಲೆ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಗೆ, ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ, ಯಾರು ಹೇಳಿದರೋ, ಸಕ್ಕರೆಯೇನೂ ಇಳಿಯಲಿಲ್ಲ, ಗಿಡ ಮಾತ್ರ ಒಂದಿದ್ದದ್ದು ಕಾಂಪೌಂಡಿನುದ್ದಕ್ಕೂ ಹಬ್ಬಿತು, ಗೋಡೆಯ ಬಿರುಕಿನಲ್ಲೂ ಹುಟ್ಟಿತು, ಅವರು ಹೋದ ಮೇಲೂ ಯಾರೂ ನೀರು ಹಾಕದೆ ಹೂ ಬಿಡುತ್ತಿದೆ, ಸದಾಬಹಾರ್ ಎನ್ನುತ್ತಿದ್ದರು, ಈ ಮನೇಲಿ ಬಾಡದೆ ಇರೋದು ಇದೊಂದೇ, ನೂರೂ, ಎಂದು ನನ್ನನ್ನು ಕರೆದು ನಗುತ್ತಿದ್ದರು, ಈಗ ಅದನ್ನೇ ಬುಡ ಹಿಡಿದು ಕೀಳುತ್ತಿದ್ದೇನೆ, ಮೋತಿ ನುಗ್ಗೆ ಮರದ ನೆರಳಲ್ಲಿ ಮಲಗಿದೆ, ಬದುಕಿದೆ, ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ. ನಾಯಿ ಬೇಡ ಎಂದವಳು ನಾನೇ, ಒಬ್ಬಳೇ ಇರ್ತೀಯ ಅಮ್ಮೀ, ಗೇಟಿನ ಹತ್ರನಾದ್ರೂ ಇರ್ಲಿ ಎಂದು ಮಗಳು ಸಿದ್ರಾ ಮದುವೆಯಾಗಿ ಕೆ.ಆರ್. ಪುರಕ್ಕೆ ಹೋಗುವ ಮುಂಚೆ ತಂದು ಬಿಟ್ಟಳು, ಗೇಟಿನ ಹತ್ತಿರವೇ ಇತ್ತು, ಅನ್ನ ಹಾಕುತ್ತಿದ್ದೆ, ನಾನು ಅದರ ಮೈ ಮುಟ್ಟುತ್ತಿರಲಿಲ್ಲ, ನಿನ್ನೆ ನೋಡಿದರೆ ಗಿಡಗಳ ಪಕ್ಕ ಕಾಲು ಮಡಚಿ ಬಿದ್ದಿತ್ತು, ವಾಂತಿ, ವಾಂತಿಯಲ್ಲಿ ಗುಲಾಬಿ ಎಸಳು, ಮೈಯೆಲ್ಲ ನಡುಕ — ಪಕ್ಕದ ಮನೆಯ ಲಕ್ಷ್ಮಿದೇವಿ ಗೋಡೆಯ ಮೇಲಿಂದ ಇಣುಕಿ, ಈ ಹೂವಿಂದ ಏನೂ ಆಗಲ್ಲ ರೀ, ದಿನಾ ದೇವ್ರಿಗೆ ಇಡ್ತೀನಲ್ಲ ಎಂದಳು, ಹೌದಲ್ಲ, ಅಕ್ತರ್ ದಿನಾ ತಿಂದರಲ್ಲ ಅಂದುಕೊಳ್ಳುತ್ತಲೇ ಹಳೆಯ ಚಾದರದಲ್ಲಿ ಸುತ್ತಿ ಎತ್ತಿಕೊಂಡೆ, ಎಷ್ಟು ಭಾರ, ಎಷ್ಟು ಬಿಸಿ, ನಾಯಿ ಹತ್ತಿಸಲ್ಲ ಎಂದ ಆಟೋದವನು ನನ್ನ ಮುಖ ನೋಡಿ ಸುಮ್ಮನೆ ಮೀಟರು ಹಾಕಿದ, ಕುಕ್ ಟೌನಿನಿಂದ ಆಸ್ಪತ್ರೆಯವರೆಗೂ ಅದರ ತಲೆ ನನ್ನ ತೊಡೆಯ ಮೇಲೆ.

ಡಾಕ್ಟರು ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚಿದರು, ಬೋಳಾದ ಎಳೆ ಗುಲಾಬಿ ಚರ್ಮ, ಹನಿಹನಿಯಾಗಿ ಗ್ಲೂಕೋಸು ಇಳಿಯುವಷ್ಟು ಹೊತ್ತೂ ಅದನ್ನೇ ನೋಡುತ್ತ ಕೂತಿದ್ದೆ, ಎಲೆ, ಹೂವು, ಬೇರು, ಎಲ್ಲಾ ವಿಷ ನಾಯಿಗೆ, ಬೇಗ ತಂದ್ರಿ, ಇನ್ನೊಂದ್ಸಲ ತಿಂದ್ರೆ ಹೇಳಕ್ಕಾಗಲ್ಲ, ಒಂದು ಗಿಡಾನೂ ಬಿಡ್ಬೇಡಿ ಎಂದರು — ನಮ್ಮ ಯಜಮಾನ್ರು ತಿಂತಿದ್ರು ಎಂದೆ, ಅವರು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿ, ಅವರೂ ತಿನ್ಬಾರ್ದಿತ್ತಮ್ಮ ಎಂದರು, ಮೆಲ್ಲಗೆ. ತಿನ್ನಬಾರದಿತ್ತು, ಹಾಗಾದರೆ ಆ ಬೆಳಗುಗಳೆಲ್ಲ, ಕೊನೆಗೆ ಅವರಿಗೂ ಬಂದ ಆ ವಾಂತಿ — ಕೇಳಲಿಲ್ಲ, ಕೇಳಿ ಏನು ಮಾಡಲಿ, ಸಕ್ಕರೆಯೇ ಇರಬೇಕು, ಸಕ್ಕರೆಯೇ, ಎನ್ನುತ್ತ ಇನ್ನೊಂದು ಕಿತ್ತೆ, ಇನ್ನೊಂದು, ಈಗ ಉಳಿದಿರುವುದು ನಲ್ಲಿಯ ಪಕ್ಕದ್ದು, ಮೊದಲನೆಯದು, ಶಿವಾಜಿನಗರದಿಂದ ಒದ್ದೆ ಕಾಗದದಲ್ಲಿ ಸುತ್ತಿ ತಂದು ಅವರೇ ನೆಟ್ಟದ್ದು, ಕಾಂಡ ಕಟ್ಟಿಗೆಯಾಗಿದೆ, ಎಳೆದರೆ ಬರುವುದಿಲ್ಲ, ಇದೊಂದನ್ನು ಉಳಿಸಿಕೊಂಡರೆ, ಸುತ್ತ ಇಟ್ಟಿಗೆ ಇಟ್ಟರೆ, ಕುಂಡಕ್ಕೆ ಹಾಕಿ ಮಹಡಿಗೆ — ಮೋತಿ ಎದ್ದು ಬರುತ್ತಿದೆ, ತೂರಾಡುತ್ತ, ಹೂವು ಮೂಸುತ್ತಿದೆ, ಬಾಯಿ ಹಾಕೀತೆಂದು ಕುತ್ತಿಗೆ ಹಿಡಿದುಕೊಂಡೆ, ಬೆಚ್ಚಗಿದೆ, ಬಾಯಿ ಹಾಕಲಿಲ್ಲ, ನನ್ನ ಕೈ ಪಕ್ಕದಲ್ಲೇ ಮಣ್ಣು ಕೆದರತೊಡಗಿತು, ಕುತ್ತಿಗೆ ಬಿಟ್ಟು ಎರಡೂ ಕೈಯಲ್ಲಿ ಕಾಂಡ ಹಿಡಿದೆ, ಇಲ್ಲ, ಕುಂಡವೂ ಬೇಡ, ನಾನು ಎಳೆಯುತ್ತೇನೆ, ಅದು ಕೆದರುತ್ತದೆ, ಬೇರು ಸಡಿಲವಾಗುತ್ತಿದೆ, ಆ ಬೋಳು ಕಾಲು, ಎಳೆಯುತ್ತೇನೆ, ಕೆಂಪು ಮಣ್ಣಿನಲ್ಲಿ ಆ ಬೋಳು ಕಾಲು, ಆ ಬೋಳು ಕಾಲು