ಹವಾಲ್ದಾರರ ಉತ್ತರ

“ಸೈನ್ಯದಲ್ಲಿ ಎಷ್ಟು ವರ್ಷ ಇದ್ರು ನಿಮ್ಮ ಯಜಮಾನ್ರು?”

“ಹದಿನೇಳು ವರ್ಷ ನಾಲ್ಕು ತಿಂಗಳು,” ಎಂದಳು ಆಕೆ. ಅವರೇ ಹೇಳಿದ್ದರೆ ಮೇಲಿನ ಹನ್ನೊಂದು ದಿನವನ್ನೂ ಬಿಡುತ್ತಿರಲಿಲ್ಲ.

ವಿಚಾರಣಾಧಿಕಾರಿ ತಲೆಯಾಡಿಸಿದರು. ಪಕ್ಕದ ಮೇಜಿನ ಬೆರಳಚ್ಚುಗಾರ ಕಂಪ್ಯೂಟರಿನ ಕೀಲಿಗಳನ್ನು ಒತ್ತಿದ. ಬಟ್ಟೆ ಕಾರ್ಖಾನೆಯ ಆಡಳಿತ ಕಚೇರಿಯ ಆ ಕೋಣೆಯಲ್ಲಿ ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಕೂತವರು ಮಿಸುಕಿದರೆ ಸದ್ದಾಗುತ್ತಿತ್ತು. ಆಕೆಯ ಪಕ್ಕ ಮಗಳು ಮಿಸುಕದೆ ಕೂತಿದ್ದಳು. ಕಿಟಕಿಯಾಚೆ, ಬಾಯ್ಲರ್ ಮನೆ ಇದ್ದ ಜಾಗಕ್ಕೆ ನೀಲಿ ಟಾರ್ಪಾಲು ಕಟ್ಟಿದ್ದರು. ಇಪ್ಪತ್ತಮೂರು ದಿನದ ಹಿಂದೆ, ಮಧ್ಯಾಹ್ನ ಹನ್ನೆರಡೂವರೆಗೆ, ಒಳಗೆ ನೀರು ಬತ್ತಿ ಬಾಯ್ಲರ್ ಸಿಡಿದಿತ್ತು. ಅದರ ಎದುರಿಗಿದ್ದದ್ದು ಆಕೆಯ ಗಂಡ ಒಬ್ಬರೇ.

“ಅವರ ಬಗ್ಗೆ ಹೇಳಿ ತಾಯಿ. ಎಂಥ ಮನುಷ್ಯ, ಕೆಲಸದಲ್ಲಿ ಹೇಗೆ, ಕುಡಿತ ಗಿಡಿತ ಏನಾದ್ರೂ ಇತ್ತಾ.”

“ಕುಡಿತ ಇಲ್ಲ ಸಾರ್. ಲೆಕ್ಕ ಇತ್ತು.”

ಅಧಿಕಾರಿ ಮೊದಲ ಬಾರಿಗೆ ತಲೆಯೆತ್ತಿ ನೋಡಿದರು. ಆಕೆ ಹೇಳತೊಡಗಿದಳು. ಹದಿನೆಂಟಕ್ಕೆ ಸೈನ್ಯ ಸೇರಿದ್ದು. ಹಿಮದ ಠಾಣೆಯಲ್ಲಿ ಬಲಗಾಲಿನ ಎರಡು ಬೆರಳು ಕಳೆದುಕೊಂಡದ್ದು. ವಾಪಸು ಬಂದ ಮೇಲೆ ಆರು ತಿಂಗಳು ಲಾರಿ ಲೋಡು ಇಳಿಸಿ, ಆಮೇಲೆ ಬಾಯ್ಲರ್ ಪರೀಕ್ಷೆ ಪಾಸು ಮಾಡಿ ಇಲ್ಲಿಗೆ ಸೇರಿದ್ದು. ಇಬ್ಬರು ತಂಗಿಯರನ್ನು ದಡ ಸೇರಿಸಿದ್ದು. ರಜೆಯ ದಿನಗಳಲ್ಲಿ ತಾವೇ ಇಟ್ಟಿಗೆ ಹೊತ್ತು ಮನೆಗೆ ಇನ್ನೊಂದು ಕೋಣೆ ಎಬ್ಬಿಸಿದ್ದು. ಏನು ಕೇಳಿದರೂ ಅವರ ಬಾಯಲ್ಲಿ ಅಂಕಿಯೇ ಬರುತ್ತಿತ್ತು. ಅಡುಗೆ ಹೇಗಿದೆ ಎಂದರೆ “ಉಪ್ಪು ಕಾಲು ಚಮಚ ಕಡಿಮೆ” ಎನ್ನುವರು. ಮಗಳು ಎದುರು ಮಾತಾಡಿದರೆ “ಎರಡು ಕೆಜಿ ಒಂಬೈನೂರು ಗ್ರಾಂ ಇದ್ದೋಳು, ಈಗ ನನಗೇ ಬುದ್ಧಿ ಹೇಳ್ತಾಳೆ” ಎನ್ನುವರು. ಹವಾಲ್ದಾರರ ಎದುರು ಸೊಳ್ಳೆ ಕೂಡ ಟೈಮ್ ಕೇಳ್ಕೊಂಡೇ ಹಾರಬೇಕು ಎಂದು ಕಾರ್ಖಾನೆಯವರು ನಗಾಡುತ್ತಿದ್ದರು.

ಬೆರಳಚ್ಚುಗಾರ ನಗು ತಡೆದುಕೊಂಡ. ಅಧಿಕಾರಿಯ ಮುಖವೂ ಸ್ವಲ್ಪ ಸಡಿಲವಾಯಿತು. ಫೈಲಿನಿಂದ ಒಂದು ಹಾಳೆ ತೆಗೆದರು.

“ಕಲ್ಲಿದ್ದಲು ಹಾಕೋನು ಉಳ್ಕೊಂಡಿದ್ದಾನಲ್ಲ, ಅವನೂ ಅದನ್ನೇ ಹೇಳಿದ್ದಾನೆ. ಕೇಳಿ. ‘ನಾನು ಕಲ್ಲಿದ್ದಲು ತರಲು ಹೊರಟಾಗ ಹವಾಲ್ದಾರರು ನೀರಿನ ಮಟ್ಟ ತೋರಿಸುವ ಗಾಜಿನ ನಳಿಕೆಯ ಎದುರು ನೆಟ್ಟಗೆ ನಿಂತಿದ್ದರು. ಕಣ್ಣು ತೆರೆದಿತ್ತು. ನೀರು ಹೇಗಿದೆ ಸಾರ್ ಎಂದೆ. ಎಲ್ಲಾ ಸರಿಯಾಗಿದೆ ಎಂದರು. ನಾನು ಗಾಡಿ ತಳ್ಳಿಕೊಂಡು ಹೊರಗೆ ಬಂದೆ.’”

ಆಕೆಯ ಕೈ ಮಡಿಲಲ್ಲಿದ್ದ ಬೂದು ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿಯಿತು.

“ಇನ್ನೊಂದ್ಸಲ ಓದಿ ಸಾರ್. ಅವರು ಏನಂದ್ರು ಅಂತ.”

“ಎಲ್ಲಾ ಸರಿಯಾಗಿದೆ ಅಂದ್ರು.”

ಕುರ್ಚಿಯ ಪ್ಲಾಸ್ಟಿಕ್ ಸದ್ದು ಮಾಡಿತು. ಮಿಸುಕಿದ್ದು ಮಗಳು.

ಎಚ್ಚರವಿದ್ದಾಗ ಅವರು ಹಾಗೆ ಹೇಳಿದವರೇ ಅಲ್ಲ. ಎಚ್ಚರವಿದ್ದಿದ್ದರೆ “ನೀರು ಅರ್ಧ ಗಾಜು, ಒತ್ತಡ ಏಳು” ಎನ್ನುತ್ತಿದ್ದರು. ಎಲ್ಲಾ ಸರಿಯಾಗಿದೆ ಎಂಬುದು ಅವರ ನಿದ್ದೆಯ ಮಾತು. ಹಿಮದ ಠಾಣೆಯಲ್ಲಿ ಕಾವಲಿಗೆ ಜನ ಸಾಲದೆ ಇಪ್ಪತ್ತು ಗಂಟೆ ನಿಲ್ಲಿಸಿದಾಗ, ಬಂದೂಕು ಹಿಡಿದು ನಿಂತಲ್ಲೇ, ಕಣ್ಣು ತೆರೆದೇ ನಿದ್ದೆ ಹೋಗುವುದು ಅವರ ದೇಹಕ್ಕೆ ಅಂಟಿಕೊಂಡುಬಿಟ್ಟಿತ್ತು. ಮೇಲಧಿಕಾರಿ ಬಂದು ಕೇಳಿದರೆ ಬಾಯಿ ತಾನಾಗಿ ಉತ್ತರ ಕೊಡುತ್ತಿತ್ತು. ಅದು ಮನೆಗೂ ಬಂತು. ಡಬಲ್ ಪಾಳಿ ಮುಗಿಸಿ ಬಂದು ಸ್ನಾನದ ನೀರು ಬಿಸಿಯಾಗುವುದನ್ನು ಕಾಯುತ್ತ ಬಾಗಿಲ ಬಳಿ ನಿಂತಿರುವರು, ಮಗಳು ಚಿಕ್ಕವಳಿದ್ದಾಗ ಅವರ ಮುಖದೆದುರು ಕೈಯಾಡಿಸಿ, ಕಿವಿಗೆ ಪೆನ್ಸಿಲು ಸಿಕ್ಕಿಸಿ, “ಅಪ್ಪಾ, ಆನೆ ಬಂತಾ?” ಎಂದು ಕೇಳುವಳು. “ಎಲ್ಲಾ ಸರಿಯಾಗಿದೆ.” ತಾಯಿ ಮಗಳು ಬಿದ್ದು ಬಿದ್ದು ನಗುವರು.

ಎಚ್ಚರವಾದ ಮೇಲೆ ಅವರು ಮಾತ್ರ ನಗುತ್ತಿರಲಿಲ್ಲ. “ಹೊರಗೆ ಯಾರ ಹತ್ರನೂ ಹೇಳ್ಬೇಡ ಮಾರಾಯ್ತಿ,” ಎಂದು ಒಮ್ಮೆ ಆಕೆಯ ಕೈ ಹಿಡಿದು ಹೇಳಿದ್ದರು. “ಕಾವಲಿಗೆ ನಿಂತೋನು ಮಲಗಿದ ಅಂದ್ರೆ ನಮ್ಮಲ್ಲಿ ಅದಕ್ಕಿಂತ ಕೀಳು ಮಾತಿಲ್ಲ.” ಆಕೆ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಇಪ್ಪತ್ತೆರಡು ವರ್ಷ ಹೇಳಿರಲಿಲ್ಲ.

“ಅಂದ್ರೆ ಅವರು ಎಚ್ಚರವಾಗೇ ಇದ್ರು,” ಅಧಿಕಾರಿ ಹಾಳೆ ಮಡಚಿದರು. “ಗಾಜಿನ ನಳಿಕೆಯಲ್ಲಿ ನೀರು ಸರಿಯಾಗಿ ಕಾಣ್ತಿತ್ತು, ಒಳಗೆ ಇರಲಿಲ್ಲ. ಮೂರು ದಿನ ಮುಂಚೆ ಫಿಟ್ಟರು ಆ ನಳಿಕೆ ಬದಲಾಯಿಸಿದ್ದ. ಬುಡದ ಕಾಕು, ಅದೇ ಆ ಸಣ್ಣ ನಲ್ಲಿ, ಕಟ್ಟಿಕೊಂಡ್ರೆ ಹೀಗಾಗುತ್ತೆ. ನಳಿಕೆ ಪುಡಿಯಾಗಿದೆ, ಪರೀಕ್ಷೆ ಮಾಡೋಕೆ ಏನೂ ಉಳಿದಿಲ್ಲ. ಈ ಹೇಳಿಕೆ ಮೇಲೆ ಫಿಟ್ಟರ್ ಮೇಲೆ ಪೊಲೀಸ್ ಕೇಸು ಹಾಕ್ತೀವಿ. ನಿಮ್ಮದೇನಾದ್ರೂ ಹೇಳೋದಿದ್ಯಾ?”

“ಇಲ್ಲ ಸಾರ್,” ಎಂದಳು ಮಗಳು.

“ನಂಗೆ ಒಂದು ಲೋಟ ನೀರು ಬೇಕಿತ್ತು,” ಎಂದಳು ತಾಯಿ.

ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಫಿಟ್ಟರು ಕೂತಿದ್ದ. ಮೂವತ್ತು ದಾಟದ ಆಳು. ಕೆಲಸದಿಂದ ಅಮಾನತು ಮಾಡಿದ್ದರೂ ಸಮವಸ್ತ್ರವನ್ನೇ ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಂದಿದ್ದ. ಇವರನ್ನು ಕಂಡು ಎದ್ದು ನಿಂತ. ಕೈ ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಮಗಳು ಅವನನ್ನು ದಾಟಿ ತಾಯಿಯನ್ನು ನೀರಿನ ಯಂತ್ರದ ಕಡೆಗೆ ನಡೆಸಿಕೊಂಡು ಹೋದಳು.

“ನೀನು ಏನು ಯೋಚನೆ ಮಾಡ್ತಿದ್ದೀಯ ಅಂತ ನಂಗೊತ್ತು,” ಎಂದಳು ದನಿ ತಗ್ಗಿಸಿ. ಅವಳು ರಕ್ತ ಪರೀಕ್ಷಾಲಯದಲ್ಲಿ ಕೆಲಸ ಮಾಡುವವಳು. ವಾದ ಮಾಡುವಾಗ ಅಪ್ಪನ ಹಾಗೇ ಒಂದೊಂದಾಗಿ ಜೋಡಿಸುವವಳು. “ಕಾಕು ಕಟ್ಟಿಕೊಂಡಿರಬಹುದು. ಸಾಧ್ಯ ಇದೆ. ಇಲ್ಲ ಅಂತ ನೀನು ಹೇಳಬಲ್ಲೆಯಾ?”

“ಗಾಜಿನ ವಿಷಯ ನಂಗೊತ್ತಿಲ್ಲ. ಅವರು ಗೊತ್ತು.”

“ಅಮ್ಮ, ಗೇಟಿನ ಹತ್ರ ಫೋಟೋ ಹಾಕ್ತಾರಂತೆ. ಅವರ ಜೊತೆ ಸೈನ್ಯದಲ್ಲಿದ್ದೋರೆಲ್ಲ ಬರ್ತಾರಂತೆ. ಅವರ ಮುಂದೆ ಅಪ್ಪ ಮಲಗಿ ಸತ್ತ ಅಂತ ಹೇಳ್ತೀಯಾ?”

“ಹೇಳು ಅಂದ್ರೆ ನನ್ನ ನಾಲಿಗೆ ಹೊರಳತ್ತಾ?”

“ಮತ್ತೆ ಸುಮ್ಮನಿರು. ಯಾರೂ ನಿನ್ನ ಕೇಳ್ತಿಲ್ಲ. ನಾನು ಅವರಿಗೆ ಪೆನ್ಸಿಲ್ ಸಿಕ್ಕಿಸ್ತಿದ್ದೆನಲ್ಲ ಅಮ್ಮ, ನಾನೂ ಸುಮ್ಮನಿದ್ದೀನಿ. ನಂಗೂ ಗೊತ್ತು.”

ತಾಯಿ ಲೋಟ ತುಂಬಿಸಿಕೊಂಡಳು, ಕುಡಿಯಲಿಲ್ಲ. ಪಡಸಾಲೆಯ ಆ ತುದಿಯಲ್ಲಿ ಫಿಟ್ಟರು ಇನ್ನೂ ನಿಂತೇ ಇದ್ದ. ಹೆಂಗಸರು ಕೂರುವವರೆಗೆ ತಾನು ಕೂರಬಾರದೆಂದುಕೊಂಡಿದ್ದನೋ ಏನೋ.

“ಅವನು ಜೈಲಿಗೆ ಹೋಗ್ತಾನೆ,” ಎಂದಳು ತಾಯಿ.

“ಹೋಗಲಿ,” ಎಂದಳು ಮಗಳು. ಅಂದ ಮೇಲೆ ಅವನ ಕಡೆ ನೋಡಲಾರದೆ ಗೋಡೆಗೆ ಮುಖ ತಿರುಗಿಸಿದಳು.

ಕೋಣೆಗೆ ಹಿಂತಿರುಗಿ ಕೂತ ಮೇಲೆ ಆಕೆ ಹೇಳಿದಳು. ಸುತ್ತಿ ಬಳಸಲಿಲ್ಲ. ಅಧಿಕಾರಿ ಎರಡು ಸಲ ತಡೆದು ಕೇಳಿದರು: ಕಣ್ಣು ತೆರೆದೇನಾ? ಮಾತೂ ಆಡ್ತಿದ್ರಾ? ಹೌದು ಸಾರ್, ಹೌದು. ಮಗಳು ಕಿಟಕಿಯ ಕಡೆ ನೋಡುತ್ತಿದ್ದಳು. “ಇದು ನಿಜವೇನಮ್ಮ?” ಎಂದು ಅವಳನ್ನೂ ಕೇಳಿದಾಗ, ಇತ್ತ ತಿರುಗದೆಯೇ ಹೌದೆಂದು ತಲೆಯಾಡಿಸಿದಳು.

ಬೆರಳಚ್ಚುಗಾರ ಬರೆದದ್ದನ್ನು ಓದಿದ. “‘ಮೃತರು ಕರ್ತವ್ಯದ ವೇಳೆ ನಿದ್ರಿಸುವ ಅಭ್ಯಾಸ ಹೊಂದಿದ್ದರು.’”

“ಅಭ್ಯಾಸ ಅಲ್ಲಪ್ಪ!” ಆಕೆ ಎದ್ದೇಬಿಟ್ಟಳು.

“ಮತ್ತೆ ಏನಂತ ಬರೀಲಿ ಅಮ್ಮ?” ಹುಡುಗಾಟವಿರಲಿಲ್ಲ ಅವನ ದನಿಯಲ್ಲಿ, ನಿಜಕ್ಕೂ ಕೇಳುತ್ತಿದ್ದ.

ಆಕೆ ಯೋಚಿಸಿದಳು. ಅದಕ್ಕೆ ಸರಿಯಾದ ಮಾತು ಸಿಗಲಿಲ್ಲ. ನಿಧಾನಕ್ಕೆ ಕೂತಳು.

“ಅದರ ಕೆಳಗೆ ಇನ್ನೊಂದು ಸಾಲು ಬರಿ. ಹಿಂದಿನ ದಿನ ರಾತ್ರಿ ಹತ್ತಕ್ಕೆ ಕೆಲಸಕ್ಕೆ ಹೋದವರು. ಬಾಯ್ಲರ್ ಒಡೆದಿದ್ದು ಮಧ್ಯಾಹ್ನ ಹನ್ನೆರಡೂವರೆ. ಹದಿನಾಲ್ಕೂವರೆ ಗಂಟೆ. ಇನ್ನೊಬ್ಬ ಬಾಯ್ಲರಿನೋನು ಬಿಟ್ಟು ಹೋಗಿ ಎರಡು ತಿಂಗಳಾಗಿತ್ತು, ಬೇರೆಯವರನ್ನ ಹಾಕಿರಲಿಲ್ಲ. ವಾರಕ್ಕೆ ನಾಲ್ಕು ದಿನ ಹೀಗೇ ನಿಲ್ಲಿಸ್ತಿದ್ರು.”

“ಅದು ಈ ವಿಚಾರಣೆಗೆ ಸಂಬಂಧಪಟ್ಟಿದ್ದಲ್ಲ ತಾಯಿ,” ಎಂದರು ಅಧಿಕಾರಿ. “ಪಾಳಿ ಹಾಕೋದು ಬೇರೆ ವಿಭಾಗ.”

“ಹಾಗಾದ್ರೆ ಸಹಿ ಹಾಕೋದು ನನಗೆ ಸಂಬಂಧಪಟ್ಟಿದ್ದಲ್ಲ.”

ಅಧಿಕಾರಿ ಕನ್ನಡಕ ತೆಗೆದು ಮೂಗಿನ ಬದಿಗಳನ್ನು ಒತ್ತಿಕೊಂಡರು. ಕೆಳಗೆ ಯಾವುದೋ ಲಾರಿ ಹಿಂದಕ್ಕೆ ಚಲಿಸುತ್ತ ಪೀಂ ಪೀಂ ಎನ್ನುತ್ತಿತ್ತು. ಅದು ನಿಂತ ಮೇಲೆ ಅವರು ಬೆರಳಚ್ಚುಗಾರನ ಕಡೆ ತಿರುಗಿದರು.

“ಹಾಕಪ್ಪ,” ಎಂದರು. “ಆಮೇಲೆ ಮೇಲಿನೋರು ತೆಗೀಬಹುದು. ಅದು ನನ್ನ ಕೈಲಿಲ್ಲ.”

ಆಕೆ ಪ್ರತಿಯೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಅಭ್ಯಾಸ ಎಂಬಲ್ಲಿ ಬೆರಳು ತಡೆಯಿತು, ಮುಂದೆ ಹೋಯಿತು. ಸಹಿ ಮಾಡಿದಳು.

ಹೊರಗೆ ಬಂದಾಗ ಫಿಟ್ಟರು ಬೆಂಚಿನಿಂದ ಎದ್ದ.

“ಅಕ್ಕಾ, ಏನ್ ಕೇಳಿದ್ರು?”

“ಅವರ ಬಗ್ಗೆ ಕೇಳಿದ್ರು. ಹೇಳ್ದೆ.”

ಅದು ತನಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಅವನು ಆಕೆಯ ಮುಖದಲ್ಲಿ ಹುಡುಕಿದ. ಒಳಗಿನಿಂದ ಅವನನ್ನು ಕರೆದರು. ಅಂಗಿ ಜಗ್ಗಿ ಸರಿಮಾಡಿಕೊಂಡು ಹೋದ.

ಮಗಳು ಮೆಟ್ಟಿಲಲ್ಲಿ ತಾಯಿಯ ತೋಳು ಹಿಡಿಯಲಿಲ್ಲ. ಬೆಳಿಗ್ಗೆ ಹತ್ತುವಾಗ ಹಿಡಿದಿದ್ದಳು. ಈಗ ನಾಲ್ಕು ಮೆಟ್ಟಿಲು ಮುಂದೆ ಇಳಿದು, ಗೇಟು ದಾಟಿ, ಬಸ್ ನಿಲ್ದಾಣದ ಆ ಕೊನೆಯ ಕಂಬದ ಬಳಿ ಹೋಗಿ ನಿಂತಳು. ತಾಯಿ ಈ ಕೊನೆಯಲ್ಲಿ ನಿಂತಳು. ನಡುವೆ ಪಾಳಿ ಮುಗಿಸಿದ ಹೆಂಗಸರ ಗುಂಪು, ತಲೆಗೂದಲಲ್ಲೆಲ್ಲ ಹತ್ತಿಯ ನಾರು ಅಂಟಿಸಿಕೊಂಡು, ಯಾರದೋ ಮಾತಿಗೆ ನಗುತ್ತಿತ್ತು.

ಬಸ್ಸು ಆಗಲೇ ತುಂಬಿ ಬಂತು. ಮಗಳು ಮುಂದಿನ ಬಾಗಿಲಲ್ಲಿ ಹತ್ತಿದ್ದು ಕಂಡಿತು. ಆಕೆ ಹಿಂದಿನ ಬಾಗಿಲಲ್ಲಿ ಹೇಗೋ ಒಂದು ಕಾಲಿಟ್ಟು ಕಂಬಿ ಹಿಡಿದಳು. ಬಸ್ಸು ಎರಡು ತಿರುವು ದಾಟಿದ ಮೇಲೆ, ಭುಜಗಳ ನಡುವೆ ಎಲ್ಲಿಂದಲೋ ಕಂಡಕ್ಟರ್ ಕೂಗಿದ:

“ಹಿಂದೆ ಬೂದು ಚೀಲದ ಅಮ್ಮ ಯಾರು? ನಿಮ್ಮ ಟಿಕೆಟ್ ಮುಂದಿನೋರು ತಗೊಂಡಿದ್ದಾರೆ. ಈಸ್ಕೊಳ್ಳಿ.”

ಸಣ್ಣ ಬಿಳಿ ಚೀಟಿಯೊಂದು ಅಪರಿಚಿತರ ಕೈಯಿಂದ ಕೈಗೆ, ತಲೆಗಳ ಮೇಲಿನಿಂದ, ನಿಧಾನವಾಗಿ ಹಿಂದಕ್ಕೆ ಬರುತ್ತಿತ್ತು. ಆಕೆ ಕಂಬಿ ಹಿಡಿದ ಕೈ ಬಿಡದೆ ಇನ್ನೊಂದು ಕೈ ಚಾಚಿದಳು.