ಹೂವಿನ ಕೋಣೆಯ ನೇರಳೆ ದೀಪ

ವನಿತಾಗೆ ಸಾಕುಸಾಕಾಗಿತ್ತು. ಗಡಿನಾಡಿನ ಬೇರಿಕೆ ಊರಿನ ಆಚೆಗಿನ ಗುಲಾಬಿ ತೋಟದ ಕೋಲ್ಡ್ ರೂಮಿಗೆ ಅವಳೇ ಮೇಲ್ವಿಚಾರಕಿ. ಹೂವು ತಾಜಾ ಇದ್ದರೆ ತೋಟಕ್ಕೆ ಹೆಸರು, ಬಾಡಿದರೆ ವನಿತಾಳ ತಪ್ಪು. ಈಚೆಗಂತೂ ಚೆನ್ನೈಗೆ ಹೋದ ಹೂವೆಲ್ಲ ಕತ್ತು ಬಗ್ಗಿಸಿಕೊಂಡೇ ಇಳಿಯುತ್ತಿತ್ತು.

ಅದೂ ಹೊಸ ದೀಪ ಬಂದ ಮೇಲೆ! ಆ ದೀಪಕ್ಕಾಗಿ ಅವಳು ಮಾಲೀಕ ಉಮಾಶಂಕರನ ಬೆನ್ನು ಬಿದ್ದು, ಬೈಸಿಕೊಂಡು, ಕೊನೆಗೂ ಒಪ್ಪಿಸಿದ್ದಳು. ಕೊಯ್ದ ಹೂವು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡರೆ ಪಕ್ಕದ ಹೂವಿಗೂ ಬೇಗ ಮುಪ್ಪು. ಗೋಡೆಯ ಮೇಲಿನ ಬಿಳಿ ಲೇಪದ ಹಲಗೆಗಳಿಗೆ ನೇರಳೆ ಟ್ಯೂಬಿನ ಬೆಳಕು ಬಿದ್ದರೆ, ಗಾಳಿಯ ಆಮ್ಲಜನಕವೇ ಆ ಅನಿಲವನ್ನು ಸುಟ್ಟುಹಾಕುತ್ತದೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಲೇಪ ಸವೆಯುವುದೂ ಇಲ್ಲ. ಬೆಳಕಿಲ್ಲದಿದ್ದರೆ ಮಾತ್ರ ಅದು ಬರೀ ಸುಣ್ಣ ಬಳಿದ ಹಲಗೆ.

"ಈ ಲೋಡೂ ಬಾಡಿದ್ರೆ ದೀಪ ಬಿಚ್ಚಿ ವಾಪಸ್ ಕಳಿಸ್ತೀನಿ," ಎಂದಿದ್ದ ಉಮಾಶಂಕರ. ಅದಕ್ಕೇ ಅವಳು ಎಲ್ಲರಿಗಿಂತ ಮುಂಚೆ ಬಂದಳು. ಬಾಗಿಲು ತೆಗೆದರೆ ಒಳಗೆ ಕತ್ತಲೆ. ಟ್ಯೂಬಿಗೆ ಹಳೇ ಚೌಕಳಿ ಸೀರೆಯೊಂದನ್ನು ಸುತ್ತಲಾಗಿತ್ತು.

ಬಕೆಟ್ ತೊಳೆಯುವ ಮುದುಕಿ ಪಿಳ್ಳಮ್ಮ ಹಿಂದೆಯೇ ಬಂದಳು. ಮುಖದಲ್ಲಿ ಅಳುಕೇನೂ ಇರಲಿಲ್ಲ.

"ನಾನೇ ಕಣವ್ವಾ ಸುತ್ತಿದ್ದು. ದಿನಾ ಸಾಯಂಕಾಲ ಸುತ್ತಿ ಬೆಳಿಗ್ಗೆ ಬಿಚ್ತೀನಿ. ಬೆಳಕು ಬಿದ್ರೆ ಮೊಗ್ಗು ಅರಳ್ಬುಡ್ತವಲ್ಲ, ಮಲಗ್ಲಿ ಅಂತ. ಹೂವು ಕೆಟ್ರೆ ನಿನ್ನ ಬೈತಾರಲ್ಲ, ಅದ್ಕೇ."

ವನಿತಾಗೆ ಅಳುವೂ ಬಂತು, ನಗುವೂ ಬಂತು. ಎರಡಕ್ಕೂ ತ್ರಾಣವಿರಲಿಲ್ಲ. ಸೀರೆ ಬಿಚ್ಚಿದಳು. ನೇರಳೆ ಬೆಳಕಿನಲ್ಲಿ ಹೂವೆಲ್ಲ ಜೋತುಬಿದ್ದಿತ್ತು.

"ಈಗ ಎದ್ದೇಳ್ತವಾ?" ಎಂದಳು ಪಿಳ್ಳಮ್ಮ.

"ಇಲ್ಲ ಅಜ್ಜಿ. ಈ ಬೆಳಕು ಗಾಳೀಲಿರೋ ವಿಷಾನ ಸುಡ್ತದೆ. ಹೂವು ಕುಡ್ದುಬುಟ್ಟಿರೋದನ್ನ ಸುಡಕ್ಕಾಗಲ್ಲ."

ಅಷ್ಟರಲ್ಲಿ ಉಮಾಶಂಕರ ಬಂದ. ಹೂವು ನೋಡಿದ, ಸೀರೆ ನೋಡಿದ, ಟ್ಯೂಬಿಗೆ ಸುತ್ತಿದ್ದು ತಾನೇ ಎಂದು ಪಿಳ್ಳಮ್ಮ ಅವನು ಕೇಳುವ ಮೊದಲೇ ಹೇಳಿಬಿಟ್ಟಳು.

"ದೀಪ ಇನ್ನೊಂದು ಲೋಡಿಗೆ ಇರ್ಲಿ. ಈ ಮುದುಕಿ ನಾಳೆಯಿಂದ ಬರೋದು ಬೇಡ."

ಸುಮ್ಮನಿದ್ದರೆ ದೀಪ ಉಳಿಯುತ್ತಿತ್ತು. ವನಿತಾ ಸೀರೆ ಮಡಚಿ ಮೂಲೆಯಲ್ಲಿಟ್ಟಳು. ಆಮೇಲೆ ದೀಪ ಬಂದ ದಿನ ನೆನಪಾಯಿತು. ಎಲ್ಲರನ್ನೂ ನಿಲ್ಲಿಸಿಕೊಂಡು ತಮಿಳಿನಲ್ಲೂ ಕನ್ನಡದಲ್ಲೂ ವಿವರಿಸಿದ್ದಳು. ಹೊರಗೆ ಬಕೆಟ್ ತೊಳೆಯುತ್ತಿದ್ದ ಪಿಳ್ಳಮ್ಮನನ್ನು ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಈಗ ನಾಚಿಕೆಯಾಯಿತು.

"ಸಾರ್, ಎಲ್ಲರಿಗೂ ಹೇಳ್ದೆ, ಅಜ್ಜಿಗೆ ಮಾತ್ರ ಹೇಳ್ಲಿಲ್ಲ. ತಪ್ಪು ನಂದು. ಅಜ್ಜಿ ಹೋಗೋದಾದ್ರೆ ನಾನೂ ಹೋಗ್ತೀನಿ."

"ಸರಿ," ಎಂದ ಉಮಾಶಂಕರ, ಅವನಿಗೂ ಬೇಜಾರು ಹತ್ತಿತ್ತು. "ಮುಂದಿನ ಲೋಡು ತಾಜಾ ನಿಂತ್ರೆ ಇಬ್ರೂ ಇರಿ. ಬಾಡಿದ್ರೆ ದೀಪ, ಅಜ್ಜಿ, ನೀನು, ಮೂರೂ ಹೊರಡಿ."

ಬಾಡಿದ ಹೂವನ್ನು ಇಬ್ಬರೂ ಗೊಬ್ಬರದ ಗುಂಡಿಗೆ ಹೊತ್ತು ಹಾಕಿದರು. ದಾರಿಯುದ್ದಕ್ಕೂ ವನಿತಾ ದೀಪದ ಕಥೆಯನ್ನು ಮೊದಲಿಂದ ಹೇಳಿದಳು. ಪಿಳ್ಳಮ್ಮ ಹೊತ್ತಿದ್ದ ಮಂಕರಿ ಕೆಳಗಿಟ್ಟು ನಿಂತಳು.

"ಮೊದ್ಲೇ ಯೋಳಿದ್ರೆ ನಾನೇ ಕಾವಲು ಕೂತ್ಕತಿದ್ನಲ್ಲವ್ವಾ."

ಅವಳು ಕೂತೇಬಿಟ್ಟಳು. ಹೊಸ ಹೂವು ಒಳಗೆ ಹೋದ ಮೇಲೆ ಎಷ್ಟು ಹೇಳಿದರೂ ಮನೆಗೆ ಹೋಗಲೊಲ್ಲಳು. "ಯಾರಾನ ಆರಿಸ್ಬುಟ್ರೆ?" ಎಂಬುದೊಂದೇ ಮಾತು.

ಲೋಡು ಹೊರಡುವ ಬೆಳಿಗ್ಗೆ ವನಿತಾ ಬಂದಾಗ ಪಿಳ್ಳಮ್ಮ ಕೋಣೆಯ ಬಾಗಿಲಿಗೆ ಒರಗಿ ನಿದ್ದೆ ಹೋಗಿದ್ದಳು. ಕಿಂಡಿಯ ಗಾಜಿನಾಚೆ ನೇರಳೆ ಬೆಳಕು, ಬಕೆಟುಗಳಲ್ಲಿ ಹೂವು ನೆಟ್ಟಗೆ. ವನಿತಾಗೆ ಖುಷಿಪಡುವುದಕ್ಕೂ ಆಯಾಸ. ಮೂಲೆಯಲ್ಲಿದ್ದ ಆ ಚೌಕಳಿ ಸೀರೆಯನ್ನು ತಂದು ಮುದುಕಿಗೆ ಹೊದಿಸಿ, ಲಾರಿ ಬರುವವರೆಗೂ ಎಬ್ಬಿಸದೆ ಪಕ್ಕದಲ್ಲೇ ಕೂತಳು.